ಓಟದ ಮೇಡಂ ಮತ್ತು ನಲವತ್ತರ ಗೆರೆ

ಹುಡುಗಿಯರಿಗೆ ದೂರದ ಓಟ ಕಲಿಸುವ ಮೇಡಂ ಅವರ ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು, ಹೆಗಲ ಚೀಲದ ತುಂಬ ಬಾಳೆಹಣ್ಣು. ಬೆಳಿಗ್ಗೆ ಮೈದಾನಕ್ಕೆ ಬಂದವರಿಗೆ ಅವರ ಮೊದಲ ಪ್ರಶ್ನೆ, "ಹೊಟ್ಟೆಗೆ ಏನು ಬಿತ್ತು?" "ಹಸಿವಿಲ್ಲ ಮೇಡಂ" ಎಂದವಳಿಗೆ ಎರಡು ಬಾಳೆಹಣ್ಣು, ವಾದ ಮಾಡಿದವಳಿಗೆ ಮೂರು. ಸುತ್ತುಗಳ ಸಮಯ ಬರೆಯುವ ಪುಸ್ತಕದಲ್ಲೇ ಮುಟ್ಟಿನ ತಾರೀಕೂ ಇರುತ್ತದೆ. "ಮೂರು ತಿಂಗಳಿಂದ ಆಗಿಲ್ಲ, ಆರಾಮಾಗಿದೆ" ಎಂದು ಖುಷಿಪಟ್ಟವಳನ್ನು ಓಟ ಬಿಡಿಸಿ ತಾವೇ ಡಾಕ್ಟರ ಬಳಿ ಕರೆದೊಯ್ಯುತ್ತಾರೆ. ಸೊಂಟ ಅಗಲವಾಗಿ ಓಟ ನಿಧಾನವಾಯಿತೆಂದು ಅತ್ತವಳಿಗೆ, "ಮೈ ಬೆಳೀತಿದೆ ಕಣೇ, ಕಾಲು ಹೊಂದ್ಕೊಳ್ಳೋಕೆ ಒಂದು ವರ್ಷ ಕೊಡು" ಎನ್ನುತ್ತಾರೆ. ಬೇಲಿಯಾಚೆ ನಿಂತ ಯಾರದೋ ಚಿಕ್ಕಪ್ಪ "ನಮ್ಮ ಹುಡುಗಿ ಸ್ವಲ್ಪ ದಪ್ಪ ಆದ್ಲಲ್ವಾ?" ಎಂದರೆ, "ನೀವೊಂದು ಸುತ್ತು ಓಡ್ಬನ್ನಿ, ಆಮೇಲೆ ಮಾತಾಡೋಣ" ಎಂದು ಗೇಟು ತೆರೆಯುತ್ತಾರೆ. ಪೂರ್ತಿ ಸುತ್ತು ಮುಗಿಸಿದ ಚಿಕ್ಕಪ್ಪ ಇನ್ನೂ ಹುಟ್ಟಿಲ್ಲ. ಏದುಸಿರು ಬಿಡುತ್ತ ಮರಳಿದವರಿಗೂ ಬಾಳೆಹಣ್ಣು ತಪ್ಪಿದ್ದಲ್ಲ. ಹುಡುಗಿಯರನ್ನು ಮಾತ್ರ ಅವರು ಎಂದೂ ತೂಗುವುದಿಲ್ಲ. ಸಾಮಾನಿನ ಕೋಣೆಯ ಹಳೆಯ ತೂಕದ ಮೆಷಿನ್ನಿನ ಮೇಲೆ ಕುಡಿಯುವ ನೀರಿನ ಡ್ರಮ್ಮು ಕೂತಿದೆ. ಮೆಷಿನ್ನಿನಲ್ಲಿ ನಲವತ್ತು ಕೆಜಿಯ ಗುರುತಿನ ಮೇಲೆ, ಅವರು ಇದೇ ಮೈದಾನದಲ್ಲಿ ಓಡುತ್ತಿದ್ದಾಗ ಅವರ ಕೋಚು ಎಳೆದಿದ್ದ ಕೆಂಪು ಗೆರೆ ಇನ್ನೂ ಇದೆ. ಹದಿನಾರರ ವಯಸ್ಸಿನಲ್ಲಿ, ಮುಳ್ಳು ಅದನ್ನು ದಾಟಿದ ದಿನ ಮೇಡಮ್ಮಿಗೆ ಊಟವಿರಲಿಲ್ಲ. ಹದಿನೆಂಟಕ್ಕೆ ಕಾಲಿನ ಮೂಳೆ ಬಿರುಕು ಬಿಟ್ಟು ಅವರ ಓಟವೇ ನಿಂತಿತು. ಈಗ ದಿನಾ ಬೆಳಿಗ್ಗೆ ಡ್ರಮ್ಮಿಗೆ ಬಿಂದಿಗೆ ಬಿಂದಿಗೆ ನೀರು ಸುರಿಯುತ್ತಾರೆ; ಮುಳ್ಳು ಕೆಂಪು ಗೆರೆ ದಾಟಿದ ಮೇಲೆಯೇ ಸೀಟಿ ಊದುತ್ತಾರೆ.