ತಲೆಯ ಮೇಲಿನ ಫರಸಿ

ನನಗೆ ಈಗೀಗ ನನ್ನ ಮನೆಯ ಮಾಳಿಗೆಯದೇ ಅಂಜಿಕೆ. ವಾಡಿ ಊರಿನ ನಮ್ಮ ಮನೆಗೆ ಫರಸಿ ಕಲ್ಲಿನ ಛಾವಣಿ: ಕಬ್ಬಿಣದ ತೊಲೆಗಳ ಮೇಲೆ ಸಾಲಾಗಿ ಮಲಗಿಸಿದ ಶಹಾಬಾದಿನ ಚಪ್ಪಡಿಗಳು. ಕಳೆದ ಮಳೆಗಾಲ ಅಡುಗೆಮನೆಯಲ್ಲಿ ಅಂಗೈ ಅಗಲದ ಚಕ್ಕೆಯೊಂದು ಕಳಚಿ ಬಿತ್ತು. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮಹಾದೇವಿ ಆಗಷ್ಟೇ ಹಿಟ್ಟಿಗೆಂದು ಎದ್ದಿದ್ದಳು.

ನಮ್ಮ ಕಲ್ಲು ಹಳೆಯ ಸಮುದ್ರದ ಕೆಸರು ಪದರಪದರವಾಗಿ ಗಟ್ಟಿಯಾದದ್ದು. ಉಳಿಯಿಟ್ಟರೆ ಹಾಳೆಯಂತೆ ಏಳುತ್ತದೆ. ಆ ಗುಣಕ್ಕೇ ನಮಗದು ನೆಲವೂ ಆಯಿತು, ಛಾವಣಿಯೂ ಆಯಿತು. ಆದರೆ ಉಳಿಯ ಕೆಲಸ ನೀರಿಗೂ ಗೊತ್ತು. ಪದರಗಳ ನಡುವಿನ ಜೇಡಿಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಸುಣ್ಣ ಚೂರುಚೂರೇ ಕರಗುತ್ತದೆ. ಇದನ್ನೆಲ್ಲ ಓದಿ ತಿಳಿದ ಮೇಲೆ ನನ್ನ ಅಂಜಿಕೆ ಇಮ್ಮಡಿಯಾಯಿತು.

ಚಕ್ಕೆ ಬಿದ್ದ ಜಾಗದ ಬಿರುಕಿಗೆ ಪತ್ರಿಕೆಯ ಪಟ್ಟಿಯೊಂದನ್ನು ಅಂಟಿಸಿದೆ. ಕಲ್ಲು ಸರಿದರೆ ಕಾಗದ ಹರಿಯಬೇಕು. ದಿನಾ ಬೆಳಿಗ್ಗೆ ಏಣಿ ಹತ್ತಿ ಪರೀಕ್ಷೆ.

"ಅಲ್ರಿ, ಪೇಪರ್ ಹರಿದ ಮ್ಯಾಲ ನನಗ ಹೇಳ್ತೀರೋ, ಕಲ್ಲು ಬಿದ್ದ ಮ್ಯಾಲ ಹೇಳ್ತೀರೋ?" ಎಂದಳು ಮಹಾದೇವಿ.

ಮರುದಿನವೇ ಮನೆ ಕಟ್ಟುವ ಲಾಲಪ್ಪ ಗೌಂಡಿಯನ್ನು ಕರೆತಂದೆ. ಅವನು ನನ್ನ ಕಾಗದವನ್ನು ತಿರುಗಿಯೂ ನೋಡದೆ ಸುತ್ತಿಗೆಯಿಂದ ಕಲ್ಲನ್ನು ಮೆಲ್ಲಗೆ ಬಡಿದು ಕಿವಿಗೊಟ್ಟ. ಖಣ್ ಎಂದಿತು.

"ಮ್ಯಾಲಿನ ಸಿಪ್ಪಿ ಬಿಟ್ಟದ ಅಷ್ಟರಿ ಸಾಹೇಬ್ರ. ಒಳಗ ಭಾಳ ಗಟ್ಟಿ ಅದ."

ಅಲ್ಲಿಗೇ ನಿಲ್ಲಿಸದೆ ಏಣಿಯನ್ನು ಪಡಸಾಲೆಗೆ ಒಯ್ದು ಒಂದೊಂದೇ ಕಲ್ಲು ಬಡಿಯುತ್ತ ಬಂದ. ಒಂದೂ ಗೀರಿಲ್ಲದ, ನುಣ್ಣನೆಯ ಚಪ್ಪಡಿಯೊಂದು ದಬ್ ಎಂದಿತು. ಮತ್ತೆ ಬಡಿದ. ಮತ್ತೆ ದಬ್.

"ಇಲ್ಲಿ ಯಾರು ಕುಂದರ್ತಾರಿ?"

"ಇವರೇ," ಎಂದಳು ಮಹಾದೇವಿ. "ಇಲ್ಲೇ ಕುಂತು ಅಡಗಿಮನಿ ಚಿಂತಿ ಮಾಡ್ತಾರ."

"ಮೊದಲ ಖುರ್ಚಿ ತೆಗೀರಿ ಅಕ್ಕೋರ. ಈ ಕಲ್ಲಿನ ಪದರ ಬಿಟ್ಟಾವ."

ನಾಲ್ವರು ಸೇರಿ ಅದನ್ನು ಇಳಿಸಿ ಅಂಗಳದಲ್ಲಿ ಇಟ್ಟೊಡನೆ ಪುಸ್ತಕ ತೆರೆದಂತೆ ಎರಡಾಯಿತು. ನಡುವೆ ಇರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡಿದ್ದವು. ಅವಕ್ಕೆ ಅಂಜಿಕೆ ಇದ್ದಂತಿರಲಿಲ್ಲ. ಅವುಗಳ ಕೆಳಗೆ ಇಷ್ಟು ವರ್ಷ ಕುಳಿತಿದ್ದ ನನಗೂ ಇರಲಿಲ್ಲ.

ತಪ್ಪು ಕಲ್ಲಿಗೆ ಅಂಜಿದ್ದೆ, ನಿಜ. ಅಂಜದೇ ಇದ್ದಿದ್ದರೆ ಗೌಂಡಿ ಬರುತ್ತಿರಲಿಲ್ಲ. ಹಾಗಾಗಿ ನನ್ನ ಪುಕ್ಕಲುತನದ ಮೇಲೆ ನನಗೀಗ ತುಸು ಗೌರವ. ಉಳಿದ ಕಲ್ಲುಗಳೆಲ್ಲ ಖಣ್ ಎಂದಿವೆ, ಈ ಮಳೆಗಾಲದ ಮಟ್ಟಿಗೆ.