ಯಾರೂ ‘ನಂದು’ ಅನ್ನದ ಹೋತ

ಕೊಂಡವಾಡದ ಜವಾನ ಪೀರಪ್ಪನಿಗೆ ನಿಜಾಮ್ ಸರ್ಕಾರ ಒಂದು ಖಾಕಿ ಅಂಗಿ, ಒಂದು ಬಿದಿರ ಕೋಲು, ಎದೆಗೆ ಸಿಕ್ಕಿಸಿಕೊಳ್ಳಲು ಒಂದು ಹಿತ್ತಾಳೆ ಬಿಲ್ಲೆ ಕೊಟ್ಟಿತ್ತು. ಅಂಗಿಯನ್ನು ಅವನಿಗಿಂತ ದೊಡ್ಡವನಾದ ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡು ಹೊಲಿದಿದ್ದರು. ಕೋಲಿಗೆ ಎಮ್ಮೆಗಳು ಹೆದರುತ್ತಿರಲಿಲ್ಲ. ಉಳಿದದ್ದು ಬಿಲ್ಲೆ. ಅದನ್ನವನು ದಿನಾ ಮುಂಜಾನೆ ಬೂದಿ ಹಚ್ಚಿ ತಿಕ್ಕುತ್ತಿದ್ದ.

ಆ ವರ್ಷ ಕಲಬುರಗಿಯಲ್ಲಿ ಡಂಗುರ ಸಾರಿಸಿದ್ದರು. ಸಾಕಿದ ನಾಯಿಯ ಕೊರಳಲ್ಲಿ ಕಚೇರಿಯ ಬಿಲ್ಲೆ ಇರಲೇಬೇಕು, ಇಲ್ಲದ ನಾಯಿ ಬದುಕಿ ಉಳಿಯುವುದಿಲ್ಲ. ದನ, ಎಮ್ಮೆ, ಆಡು ಬಜಾರದಲ್ಲಿ ಅಲೆದರೆ ಕೊಂಡವಾಡಕ್ಕೆ. ಡಂಗುರ ಕೇಳಿ ಪೀರಪ್ಪ ತನ್ನ ಎದೆ ನೋಡಿಕೊಂಡು ನಕ್ಕಿದ್ದ.

“ಈ ಊರಾಗ ಬಿಲ್ಲೆ ಇಬ್ಬರಿಗೇ ಅದ ನೋಡ್ರಿ. ಸಾಕಿದ ನಾಯಿಗಿ, ನನಗ. ಇಬ್ರೂ ಬೊಗಳಬೌದು, ಕಡಿಯಂಗಿಲ್ಲ.”

ಕೊಂಡವಾಡವೆಂದರೆ ಅಂಥ ಬಿಡಾಡಿ ಪ್ರಾಣಿಗಳನ್ನು ಕೂಡಿಹಾಕುವ ಕಲ್ಲುಗೋಡೆಯ ಬಯಲು. ಒಡೆಯ ಬರಬೇಕು, ಊರಿನ ಸಫಾಯಿ ನೋಡಿಕೊಳ್ಳುವ ದರೋಗಾ ಖಮರುದ್ದೀನ್ ಸಾಹೇಬರ ಮುಂದೆ ನಿಂತು ‘ಇದು ನಂದು’ ಎಂದು ಬಾಯಿಬಿಟ್ಟು ಹೇಳಬೇಕು, ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ಸಂತೆಯ ದಿನದೊಳಗೆ ಯಾರೂ ಹೇಳದಿದ್ದರೆ ಪ್ರಾಣಿ ಹರಾಜಿಗೆ. ಇನ್ನೊಂದು ಕಾಯಿದೆ ಪೀರಪ್ಪನೊಬ್ಬನಿಗೇ ಮೀಸಲು: ಕೊಂಡವಾಡದ ಜವಾನ ಯಾವ ಪ್ರಾಣಿಯನ್ನೂ ಸಾಕುವಂತಿಲ್ಲ. ಹಿಂದಿನ ಜವಾನ ಸರ್ಕಾರದ ಮೇವಿನಲ್ಲಿ ತನ್ನ ಕುರಿಗಳನ್ನು ಕೊಬ್ಬಿಸಿ, ಸಿಕ್ಕಿಬಿದ್ದು, ನೌಕರಿ ಕಳೆದುಕೊಂಡಿದ್ದ. “ನನ್ನನ್ನ ನಾ ಸಾಕ್ಕೊಳ್ಳೋದೇ ಆಗವಲ್ದು” ಎಂದು ಪೀರಪ್ಪ ಆ ಕಾಯಿದೆಗೆ ಸಂತೋಷದಿಂದಲೇ ತಲೆಯಾಡಿಸಿದ್ದ.

ಅವನು ಕಮಲಾಪುರದ ಊರಾಚೆಯ ಕೇರಿಯವನು. ಕಲಬುರಗಿಯಲ್ಲಿ ಅವನಿಗೆ ನೀರು ಕೊಡುವವರು ಕೊಡವನ್ನು ಎತ್ತರಕ್ಕೆ ಹಿಡಿದು ಬೊಗಸೆಗೆ ಸುರಿಯುತ್ತಿದ್ದರು. ಅವನು ಹೊತ್ತು ತಂದ ನೀರನ್ನು ಕುಲ ಕೇಳದೆ ಕುಡಿಯುತ್ತಿದ್ದವರು ಕೊಂಡವಾಡದ ಕೈದಿಗಳು ಮಾತ್ರ. ನನ್ನ ಕೈಯ ನೀರು ಕುಡಿಯುವವರನ್ನೇ ಹುಡುಕಿ ಹುಡುಕಿ ಕೂಡಿಹಾಕುತ್ತೇನಲ್ಲ ಎಂದು ಅವನಿಗೆ ಒಮ್ಮೊಮ್ಮೆ ನಗು ಬರುತ್ತಿತ್ತು.

ನಗು ಬರದ ಸಂಗತಿಯೂ ಒಂದಿತ್ತು. ಅವನ ಅವ್ವ ಸಾಬವ್ವ ಬಹಳ ಕಾಲ ಮಕ್ಕಳಾಗದೆ, ಬಂದೇನವಾಜರ ದರ್ಗಾಕ್ಕೆ ಹರಕೆ ಹೊತ್ತು ಅವನನ್ನು ಹೆತ್ತಿದ್ದಳು. ಅದಕ್ಕೇ ಪೀರಪ್ಪ. “ನಿನ್ನ ಮಗನೇನಬೇ?” ಎಂದು ಯಾರಾದರೂ ಕೇಳಿದರೆ ಸಾಬವ್ವ ಗಡಬಡಿಸಿ, “ನಂದಲ್ಲಬೇ, ಪೀರಾನ ಮಗ” ಎನ್ನುತ್ತಿದ್ದಳು. ಸಾಯುವ ತನಕ ಒಂದು ಸಲವೂ ‘ನನ್ನ ಮಗ’ ಎನ್ನಲಿಲ್ಲ. ಓರಗೆಯವರು ಅವನನ್ನು ‘ಕಡ ತಂದ ಕೊಡ’ ಎಂದು ಕಾಡುತ್ತಿದ್ದರು. ಅವನೂ ಅದನ್ನೇ ಹೇಳಿಕೊಂಡು ಎಲ್ಲರಿಗಿಂತ ಮೊದಲು ನಗುವುದನ್ನು ಕಲಿತ. ಪ್ಲೇಗು ಬಂದು ಕೇರಿಯನ್ನು ಅರ್ಧ ಖಾಲಿ ಮಾಡಿದಾಗ ಅವ್ವ ಹೋದಳು. ಅವಳನ್ನು ಕೇಳಬೇಕಾದ ಒಂದು ಮಾತು ಅವನೊಳಗೇ ಉಳಿಯಿತು.

ಉರುಸು ಹತ್ತಿರ ಬಂದಿತ್ತು. ದರ್ಗಾದ ಸುತ್ತಲಿನ ರೋಜಾದ ಓಣಿಗಳಲ್ಲಿ ಹೂವಿನವರು, ಮಿಠಾಯಿಯವರು, ದೂರದ ಊರುಗಳ ಗಾಡಿಗಳು. ಜಾತ್ರೆಯ ಹಾದಿಯಲ್ಲಿ ಒಂದೂ ಬಿಡಾಡಿ ಪ್ರಾಣಿ ಕಾಣಬಾರದೆಂದು ದರೋಗಾ ಸಾಹೇಬರ ಹುಕುಂ ಆಗಿತ್ತು. ಪೀರಪ್ಪ ಕೋಲು ಹಿಡಿದು ಹೊರಟ. ಒಂದು ಎಮ್ಮೆ ಅವನನ್ನು ಗಟಾರಕ್ಕೆ ನೂಕಿತು. ಒಂದು ಆಕಳು ಅವನನ್ನೇ ಓಣಿಯ ಕೊನೆತನಕ ಅಟ್ಟಿಸಿಕೊಂಡು ಹೋಯಿತು. ಕೊನೆಗೆ ತೊಗರಿಬೇಳೆ ಅಂಗಡಿಯ ಮುಂದೆ ನಿಂತಿದ್ದ ಕರಿಯ ಹೋತವೊಂದು ಅವನ ಜೇಬಿನ ಜೋಳದ ರೊಟ್ಟಿಯ ವಾಸನೆ ಹಿಡಿದು, ಹಗ್ಗವಿಲ್ಲದೆ ಹಿಂದೆಯೇ ನಡೆದುಕೊಂಡು ಕೊಂಡವಾಡದ ಬಾಗಿಲು ದಾಟಿತು. ಇಡೀ ನೌಕರಿಯಲ್ಲಿ ಓಡಿಸದೆ ಅವನ ಕೈಗೆ ಸಿಕ್ಕ ಪ್ರಾಣಿ ಅದೊಂದೇ. ಅವನು ಹೆಮ್ಮೆಯಿಂದ ಬಿಲ್ಲೆಯನ್ನು ಮತ್ತೊಮ್ಮೆ ಒರೆಸಿಕೊಂಡ.

ಆ ಹೆಮ್ಮೆ ಸಂಜೆಯ ತನಕವೂ ಬಾಳಲಿಲ್ಲ. ಧೂಳಿನ ಕಾಲಿನ ಮುದುಕಿಯೊಬ್ಬಳು ಬಾಗಿಲ ಹತ್ತಿರ ಬಂದು ನಿಂತಳು. ಹೋತ ಅವಳನ್ನು ಕಂಡದ್ದೇ ಕೂಗಿತು. ಕಮಲಾಪುರದ ಅವರದೇ ಕೇರಿಯ ಪುತಳಾಬಾಯಿ.

“ಏ ಸಾಬವ್ವನ ಪೀರ್ಯಾ! ನೀ ಇಲ್ಲಿದ್ದೇನೋ? ಭಾಳ ಚಲೋ ಆತು ಬಿಡು. ಹೋತ ಬಿಡಪ್ಪ, ಸಂದಲದ ಹೊತ್ತಿಗೆ ದರ್ಗಾಕ್ಕ ಮುಟ್ಟಿಸಬೇಕು.”

“ಬಿಡ್ತೀನಿ ಆಯಿ, ಯಾಕ ಬಿಡಲಿ? ಬಾ, ಸಾಹೇಬ್ರ ಮುಂದ ನಂದು ಅಂತ ಒಂದು ಮಾತು ಹೇಳು.”

ಪುತಳಾಬಾಯಿ ಬಾಗಿಲ ಕಂಬ ಹಿಡಿದುಕೊಂಡಳು. “ಅದೊಂದು ಬ್ಯಾಡಪ್ಪ. ದಂಡ ಎಷ್ಟಾದರೂ ಕೇಳು, ಕೊಡ್ತೀನಿ. ಆ ಮಾತು ಅನ್ನಂಗಿಲ್ಲ.”

ಪ್ಲೇಗಿನಲ್ಲಿ ಅವಳ ಮಗ, ಸೊಸೆ ಇಬ್ಬರೂ ಹೋಗಿದ್ದರು. ಮೊಮ್ಮಗಳು ಶೇವಂತಾ ಬಗಲಲ್ಲಿ ಗಂಟೆದ್ದು ಕಣ್ಣು ಮುಚ್ಚಿದಾಗ, ಮುದುಕಿ ಮನೆಯ ಹೋತದ ಮರಿಯ ಕೊರಳಿಗೆ ಹಸಿರು ಬಟ್ಟೆ ಕಟ್ಟಿ, “ಈಕಿ ನನಗಿರಲಿ, ಇದು ನಿನಗಿರಲಿ” ಎಂದು ದರ್ಗಾದ ದಿಕ್ಕಿಗೆ ಕೈಮುಗಿದಿದ್ದಳು. ಹುಡುಗಿ ಉಳಿಯಿತು. ಅಂದಿನಿಂದ ಹೋತ ಊರೆಲ್ಲ ತಿರುಗಿ ಬೆಳೆಯಿತು, ಯಾರೂ ಹೊಡೆಯಲಿಲ್ಲ, ಯಾರೂ ಕಟ್ಟಲಿಲ್ಲ. ಹಾಗೆ ಬಿಟ್ಟ ಪ್ರಾಣಿಯನ್ನು ಆಮೇಲೆ ನಂದು ಎಂದವರು ಕೊಟ್ಟದ್ದನ್ನು ಕಸಿದುಕೊಂಡ ಹಾಗೆ. ಈಗ ಅದನ್ನು ಕಮಲಾಪುರದಿಂದ ನಡೆಸಿಕೊಂಡು ಬಂದು, ರೋಜಾದ ಗದ್ದಲದಲ್ಲಿ ಕೈತಪ್ಪಿಸಿಕೊಂಡಿದ್ದಳು. ಹಸಿರು ಬಟ್ಟೆಯನ್ನು ಹಾದಿಯಲ್ಲಿ ಯಾವುದೋ ಆಡು ತಿಂದುಬಿಟ್ಟಿತ್ತು.

“ಹೋತ ನಂದು ಅಂದ್ರ ಹುಡುಗಿ ಪೀರಾನಾಕಿ ಆಗ್ತಾಳ, ಪೀರ್ಯಾ,” ಎಂದಳು. ದನಿ ಏರಿಸಲಿಲ್ಲ.

ಪೀರಪ್ಪ ತನಗೆ ತಿಳಿದ ಒಂದೇ ಮದ್ದನ್ನು, ಚೇಷ್ಟೆಯನ್ನು, ಹಚ್ಚಿ ನೋಡಿದ. “ಹರಾಜಿನ್ಯಾಗ ಕಸಾಯಿ ಒಯ್ದರೂ ಚೂರಿ, ನೀ ಒಯ್ದರೂ ಚೂರಿ. ಹೋತಕ್ಕೇನು ಫರಕು ಆಯಿ?”

“ಹೋತಕ್ಕ ಇಲ್ಲೋ ಮೂಳ. ಹುಡುಗಿಗದ.”

ಅವನು ಕೋಲನ್ನು ಗೋಡೆಗೆ ಆನಿಸಿ, “ಹಂಗಾದ್ರ ಹರಾಜಿನ್ಯಾಗ ನೀನ ಕೂಗು,” ಎಂದ.

“ಕೊಟ್ಟದ್ದನ್ನ ಮತ್ತ ಕೊಂಡ್ಕೊಳ್ಳೋದಾ? ಕೊಂಡ್ರ ನಂದ ಆತಲ್ಲ.”

ಮರುದಿನ ಸಂತೆ. ಅಂದೇ ಹರಾಜು, ಅಂದೇ ಇಳಿಹೊತ್ತಿಗೆ ದರ್ಗಾಕ್ಕೆ ಗಂಧ ಒಯ್ಯುವ ಸಂದಲದ ಮೆರವಣಿಗೆ. ಪೀರಪ್ಪ ದರ್ಗಾದ ಬಾಗಿಲಲ್ಲಿ ಹೂ ಮಾರುವ ಇಮಾಮುದ್ದೀನ್ ಮುತ್ಯಾನ ಹತ್ತಿರ ಓಡಿದ. ದರ್ಗಾದವರು ಬಂದು ನಮ್ಮದು ಎಂದರೆ ಆಯಿತಲ್ಲ ಎಂಬುದು ಅವನ ಎಣಿಕೆ. ಮುದುಕ ಮಲ್ಲಿಗೆ ಪೋಣಿಸುತ್ತಲೇ ತಲೆಯಲ್ಲಾಡಿಸಿದ. “ಹೊಸ್ತಿಲಿಗೆ ಬಂದ ಮ್ಯಾಲ ಅವರದು, ಬೇಟಾ. ಬರೋ ಮೊದಲು ಯಾರ ಬಂದು ಕೈ ಚಾಚ್ತಾರ? ಹರಕಿ ಬೇಡಿ ತಗೊಳ್ಳೋದಲ್ಲ.”

ಬೆಳಗಾದಾಗ ಪುತಳಾಬಾಯಿ ಕೊಂಡವಾಡದ ಗೋಡೆಗೆ ಒರಗಿ ಕುಳಿತಿದ್ದಳು. ಪೀರಪ್ಪ ಅರ್ಧ ರೊಟ್ಟಿ ಅವಳಿಗೆ ಕೊಟ್ಟು, ಉಳಿದರ್ಧವನ್ನು ಹೋತ ಕಸಿದುಕೊಳ್ಳುವುದನ್ನು ನೋಡುತ್ತ, ಎಷ್ಟೋ ದಿನದಿಂದ ಒಳಗಿದ್ದ ಮಾತನ್ನು ಕೇಳಿಯೇಬಿಟ್ಟ.

“ಆಯಿ, ನಮ್ಮವ್ವ ನನಗ ಒಂದ ದಿನಾನೂ ನನ್ನ ಮಗ ಅನಲಿಲ್ಲ. ಯಾಕ?”

ಪುತಳಾಬಾಯಿ ಅವನನ್ನು ದಿಟ್ಟಿಸಿ ನೋಡಿದಳು. ಇಷ್ಟು ದೊಡ್ಡವನಾದರೂ ಇದು ತಿಳಿಯದವನು ಇರುತ್ತಾನೆಯೇ ಎಂಬಂತೆ.

“ಅಂದಿದ್ರ ನೀ ಇರ್ತಿದ್ದೇನೋ ಹುಚ್ಚಪ್ಪ? ಆ ಮಾತು ಬಾಯಿಗಿ ಬಂದಾಗೆಲ್ಲ ನಾಲಿಗಿ ಕಚ್ಚಿ ಹಿಡೀತಿದ್ದಳು. ನೀ ಮಲಗಿದ ಮ್ಯಾಲ ನಿನ್ನ ಕಾಲು ಹಿಡ್ಕೊಂಡು ಕೂಡ್ತಿದ್ದಳು, ಬಾಯಿ ಮಾತ್ರ ಬಿಡ್ತಿರಲಿಲ್ಲ.”

ಪೀರಪ್ಪ ನೀರಿನ ತೊಟ್ಟಿ ತುಂಬಿಸುವ ನೆವದಲ್ಲಿ ಎದ್ದುಹೋದ. ತೊಟ್ಟಿ ಆಗಲೇ ತುಂಬಿತ್ತು. ಅವನು ಸುರಿದ ನೀರೆಲ್ಲ ಹೊರಚೆಲ್ಲಿ ಕಾಲ ಮೇಲೆ ಹರಿಯಿತು.

ದರೋಗಾ ಸಾಹೇಬರು ಬಂದರು, ಕುರ್ಚಿ ಹಾಕಿಸಿಕೊಂಡರು. ಕಸಾಯಿಗಳು, ಆಡು ಸಾಕುವವರು ಬಂದು ನಿಂತರು. ಖಮರುದ್ದೀನ್ ಸಾಹೇಬರು ಕೆಟ್ಟವರಲ್ಲ. ಮುದುಕಿಯ ಕತೆಯನ್ನು ಪೂರ್ತಿ ಕೇಳಿದರು, ದರ್ಗಾದ ಮಾತು ಬಂದಾಗ ಎದೆಯ ಮೇಲೆ ಕೈ ಇಟ್ಟುಕೊಂಡರು.

“ನಾನೂ ಅವರ ಬಾಗಿಲಿಗಿ ಹೋಗಾವ, ಆಯಿ. ಆದರ ಹೆಸರಿಲ್ಲದ ಪ್ರಾಣಿ ಹೆಂಗ ಬಿಡಲಿ? ಹಿಂದ ಬಾಯಿಮಾತಿಗಿ ಒಂದು ಎಮ್ಮಿ ಬಿಟ್ಟಿದ್ರು, ಕಳ್ಳ ಹೊಡಕೊಂಡು ಹೋದ. ಯಾರರೆ ಒಬ್ಬರು ನಂದು ಅನ್ರಿ, ಬಿಡ್ತೀನಿ. ಯಾರರೆ.”

ನೆರೆದವರ ಕಡೆ ನೋಡಿದರು. ಹರಕೆಯ ಹೋತವೆಂದು ಆಗಲೇ ಎಲ್ಲರಿಗೂ ಗೊತ್ತಾಗಿತ್ತು. ಒಬ್ಬ ಕೆಮ್ಮಿದ, ಒಬ್ಬ ರುಮಾಲು ಸರಿಮಾಡಿಕೊಂಡ. ಕೊಳ್ಳಲು ಬಂದಿದ್ದ ಇಬ್ಬರು ಹಿಂದಕ್ಕೆ ಸರಿದರು. ಪರ ಊರಿನ ಒಬ್ಬ ಕಸಾಯಿ ಮಾತ್ರ ಹೋತದ ಬೆನ್ನು ತಡವಿ ತೂಕ ನೋಡುತ್ತಿದ್ದ. ಪುತಳಾಬಾಯಿಯ ತುಟಿ ಅಲುಗಿತು. ಆ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತದ್ದನ್ನು ಪೀರಪ್ಪ ಕಂಡ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ನಂದ್ರಿ ಸಾಹೇಬ್ರ,” ಎಂದ ಪೀರಪ್ಪ.

ಖಮರುದ್ದೀನ್ ಸಾಹೇಬರು ತಿರುಗಿದರು. “ಏನಂದಿ?”

“ಹೋತ ನಂದ್ರಿ.”

“ನಿನ್ನೆ ನೀನೇ ಹಿಡದು ತಂದೀಯಲ್ಲೋ! ನಿನ್ನ ಹೋತ ನೀನೇ ಹಿಡೀತೀಯೇನು?”

“ಕಾಯಿದೆ ಎಲ್ಲಾರಿಗೂ ಒಂದ ಅಲ್ಲೇನ್ರಿ?”

ಯಾರೋ ನಕ್ಕರು. ಸಾಹೇಬರು ನಗಲಿಲ್ಲ. “ಜವಾನ ಪ್ರಾಣಿ ಸಾಕಿದ್ರ ಏನಾಗ್ತದ ಗೊತ್ತದೇನು?”

“ಗೊತ್ತದ್ರಿ.”

“ಮತ್ತೊಂದು ಸಲ ಕೇಳ್ತೀನಿ, ಯೋಚನೆ ಮಾಡಿ ಹೇಳು. ಯಾರದು?”

“ನಂದು.”

ಸಾಹೇಬರು ಕೈ ಚಾಚಿದರು. ಪೀರಪ್ಪ ಎದೆಯ ಬಿಲ್ಲೆ ಬಿಚ್ಚಿ, ರೂಢಿಯಂತೆ ಅಂಗಿಯ ತುದಿಗೆ ಒಮ್ಮೆ ತಿಕ್ಕಿ, ಅವರ ಅಂಗೈಯಲ್ಲಿಟ್ಟ. ದಂಡ ಕಟ್ಟಿ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಸಾಹೇಬರು ತಾವೇ ಎದ್ದು ಹೋತದ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟರು. ಕೊಡುವಾಗ ಅವರ ಕಣ್ಣು ದರ್ಗಾದ ಗುಮ್ಮಟದ ಕಡೆಗಿತ್ತು.

ಹೊರಗೆ ಬಂದ ಕೂಡಲೇ ಪುತಳಾಬಾಯಿ ಅವನ ರಟ್ಟೆ ಹಿಡಿದಳು. “ಏನು ಮಾಡ್ದೋ! ಆ ಮಾತು ನಿನ್ನ ಬಾಯಿಂದ ಬಂತಲ್ಲೋ. ನಿನಗೇನರೆ ಆದ್ರ ಸಾಬವ್ವಗ ನಾ ಏನು ಹೇಳಲಿ?”

“ನಾ ಮೊದಲ ಪೀರಾನವ ಅಲ್ಲೇನು ಆಯಿ? ಅವನ ಆಳಿಂದು ಅಂದ್ರ ಅವನದ ಆತು. ಲೆಕ್ಕ ಬರೋಬ್ಬರಿ ಅದ.”

ಲೆಕ್ಕ ಬರೋಬ್ಬರಿ ಇದೆಯೋ ಇಲ್ಲವೋ ಅವನಿಗೆ ಖಾತ್ರಿಯಿರಲಿಲ್ಲ. ರೋಜಾದ ಓಣಿಯಲ್ಲಿ ಹಗ್ಗವನ್ನು ಕೈಗೆ ಸುತ್ತಿಕೊಂಡು ನಡೆದ. ಹೋತ ಮಾತ್ರ ಮೊದಲಿನ ಹಾಗೆಯೇ, ಜೇಬಿಗೆ ಮೂತಿ ಒತ್ತುತ್ತ, ಅವನನ್ನು ನಂಬಿ ಹಿಂದೆ ಬಂತು. ಆ ನಂಬಿಕೆ ಅವನಿಗೆ ಎಲ್ಲಕ್ಕಿಂತ ಭಾರವಾಯಿತು. ಇಮಾಮುದ್ದೀನ್ ಮುತ್ಯಾ ಕರೆದು ಹೋತದ ಕೊರಳಿಗೆ ಒಂದು ಮಲ್ಲಿಗೆ ಎಳೆ ಹಾಕಿದ. ಹೊಸ್ತಿಲಲ್ಲಿ ದರ್ಗಾದವರು ಯಾರ ಹೆಸರಿಗೆ ಎಂದು ಕೇಳಿದಾಗ ಪುತಳಾಬಾಯಿ, “ಶೇವಂತಾ,” ಎಂದಳು. ಹಗ್ಗ ಪೀರಪ್ಪನ ಕೈಯಿಂದ ಜಾರಿತು. ಅವನು ತಿರುಗಿ ನೋಡಲಿಲ್ಲ.

ಕಮಲಾಪುರದ ಹಾದಿ ಹಿಡಿದಾಗ ಖಾಲಿ ಎದೆಯನ್ನು ತಡವಿಕೊಂಡು, “ಲಗೂನ ನಡಿ ಆಯಿ,” ಎಂದ, “ಬಿಲ್ಲೆ ಇಲ್ಲದವರನ್ನ ಈ ಊರಾಗ ಹಿಡೀತಾರ.” ಮುದುಕಿ ನಗಲು ಹೋಗಿ ಅತ್ತುಬಿಟ್ಟಳು.

ಪೀರಪ್ಪ ಮತ್ತೆ ಸರ್ಕಾರದ ಅಂಗಿ ತೊಡಲಿಲ್ಲ. ಊರಿನವರ ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗುವ ಕೆಲಸ ಹಿಡಿದ. ಎಮ್ಮೆಗಳು ಅವನನ್ನು ಆಗಲೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಶೇವಂತಾ ದೊಡ್ಡವಳಾಗಿ, ಕಾಕಾ ಎಂದು ಕರೆದು, ಹಬ್ಬಕ್ಕೆ ಅವನಿಗೊಂದು ಹೋಳಿಗೆ ಎತ್ತಿಡುತ್ತಿದ್ದಳು. ಪುತಳಾಬಾಯಿ ತುಂಬು ಮುಪ್ಪಿನಲ್ಲಿ ತೀರಿಕೊಂಡಳು. ಅವನೂ ಮದುವೆಯಾದ. ಹರಕೆ ಹೊತ್ತ ಮೇಲೆ, ತಡವಾಗಿ ಒಂದು ಹೆಣ್ಣು ಕೂಸು ಹುಟ್ಟಿತು.

ಒಂದು ಉರುಸಿನಲ್ಲಿ ಆ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ರೋಜಾದಲ್ಲಿ ನಡೆಯುವಾಗ ಖಮರುದ್ದೀನ್ ಸಾಹೇಬರು ಎದುರಾದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು ನಿಂತರು.

“ಯಾರ ಕೂಸೋ ಇದು, ಪೀರಪ್ಪ?”

ಪೀರಪ್ಪ ಬಾಯಿ ತೆರೆದ. ಕೂಸು ಅವನ ಕಿವಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ನಾಲಿಗೆ ಕಚ್ಚಿಕೊಂಡ.

“ಪೀರಾನದ್ರಿ, ಸಾಹೇಬ್ರ.”

ಸಾಹೇಬರು ಕೂಸಿನ ಪಾದವನ್ನು ಮೆಲ್ಲಗೆ ಮುಟ್ಟಿ, “ಹೂಂ,” ಎಂದರು, “ಆ ಹೋತ ಒಂದೇ ನಿಂದು.”