ಮುಯ್ಯಾಳುಗಳು ಬಾಗಿಲಲ್ಲೇ ಕುಳಿತಿದ್ದರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮರಳವಾಡಿ ಕಡೆ ರೇಷ್ಮೆ ವಿಸ್ತರಣಾಧಿಕಾರಿ. ಹುಳುಮನೆಗಳನ್ನು ಸುತ್ತುವುದು, ಕೊಳಕು ಕಂಡರೆ ಬೈಯುವುದು ನನ್ನ ಕೆಲಸ. ಬೈಯುವುದರಲ್ಲಿ ನನ್ನದು ಎತ್ತಿದ ಕೈ.

ಒಂದು ಬೆಳಿಗ್ಗೆ ಹುಳು ಸಾಕುವ ರೈತ ನಂಜೇಗೌಡರು ಸೈಕಲ್ ತುಳಿದುಕೊಂಡು ಆಫೀಸಿಗೇ ಬಂದರು. ಅವರ ಮನೆಯ ಹುಳು ಹಣ್ಣಾಗಿತ್ತು. ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸಾಕುವ ತಟ್ಟೆಯಲ್ಲೇ ನೂಲು ಬಿಟ್ಟು ಬೆಳೆ ಹಾಳು. ಆರಿಸುವುದರಲ್ಲಿ ಅವರ ಮಗಳು ಜಯಳನ್ನು ಮೀರಿಸುವವರಿರಲಿಲ್ಲ. ಅವಳು ಮೈಸೂರಿನ ಕಾಲೇಜು ಸೇರಿ ಎರಡು ತಿಂಗಳಾಗಿತ್ತು. ಮರುದಿನವೇ ಮೊದಲ ಪರೀಕ್ಷೆ.

“ಆಳಿಲ್ಲ ಸಾ. ಅವ್ವಂಗೆ ಉಸಾರಿಲ್ಲ, ಬಾ ಅಂತ ಫೋನಲ್ಲಿ ಅನ್ಬುಡಿ. ನಿಮ್ಮ ಮಾತ ನಂಬ್ತಾಳೆ,” ಎಂದರು.

ಹೀಗೆ ಕರೆಸಿಕೊಂಡ ಹೆಣ್ಣುಮಕ್ಕಳು ಮತ್ತೆ ಕಾಲೇಜಿನ ಮುಖ ನೋಡದ್ದನ್ನು ನಾನು ಕಂಡಿದ್ದೆ. ಆದರೂ ಬೆಳೆ ಹೋಗುತ್ತದಲ್ಲ ಎಂಬ ಆತಂಕದಲ್ಲಿ ಬುದ್ಧಿಗೆಟ್ಟು ಹಾಸ್ಟೆಲ್ಲಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಲೈನ್ ಸಿಗುವವರೆಗೆ ಇಬ್ಬರೂ ಫೋನನ್ನೇ ನೋಡುತ್ತ ಕುಳಿತೆವು.

ಅಷ್ಟರಲ್ಲಿ ಅವರ ಹೆಂಡತಿ ಸಾಕಮ್ಮ ಏದುಸಿರು ಬಿಡುತ್ತ ಬಂದರು. ನಿಜಕ್ಕೂ ಕಾಯಿಲೆಯೇನಮ್ಮ ಎಂದು ನಾನು ಕೇಳಿದ್ದೇ ತಡ, ಕೆರಳಿದರು.

“ನಂಗೇನಾಗೈತೆ? ಗುಂಡ್ಕಲ್ಲಂಗಿವ್ನಿ. ನಾಕು ಮನೆಯೋರು ಮುಯ್ಯಿ ತೀರ್ಸಕ್ಕೆ ಬಾಗ್ಲಲ್ಲಿ ಕುಂತವ್ರೆ ಸಾ. ಇವ್ರೇ ಒಳಕ್ಕೆ ಬುಡ್ನಿಲ್ಲ.”

ಮುಯ್ಯಿ ಎಂದರೆ ಕೆಲಸಕ್ಕೆ ಪ್ರತಿಯಾಗಿ ಕೆಲಸ. ಜಯ ಊರಲ್ಲಿದ್ದಾಗ ಆ ನಾಲ್ಕೂ ಮನೆಗೆ ಹೋಗಿ ಹುಳು ಆರಿಸಿಕೊಟ್ಟಿದ್ದಳು.

ನನಗೆ ರೇಗಿತು. ಆಳಿಲ್ಲವೆಂದು ಸುಳ್ಳು ಹೇಳಿದ್ದೇಕೆಂದು ಗದರಿದೆ. ಗೌಡರು ಟವಲಿನ ತುದಿ ತಿರುಚಿದರು.

“ಅವ್ರೇ ಬಂದು ಮುಗ್ಸ್ಬುಟ್ರೆ, ಅವ್ಳಿಲ್ದಿದ್ರೂ ನಡೀತದೆ ಅಂತಾಗೋಯ್ತದಲ್ಲ ಸಾ.”

ಆಗಲೇ ಫೋನ್ ಬಡಿದುಕೊಂಡಿತು. ರಿಸೀವರನ್ನು ಅವರ ಕೈಗೇ ಕೊಟ್ಟೆ. ಜಯ ಗಾಬರಿಯಿಂದ ಏನಾಯಿತೆಂದು ಕೇಳುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಸಾಕಮ್ಮ ಗಂಡನ ಬಾಯನ್ನೇ ನೋಡುತ್ತ ನಿಂತರು.

“ಏನಿಲ್ಲ ಕಣವ್ವ,” ಎಂದರು ಗೌಡರು ಕೊನೆಗೆ. “ಹುಳ ಹಣ್ಣಾಗೈತೆ. ಮುಯ್ಯಿನೋರು ಬಂದವ್ರೆ. ಆಯ್ತದೆ. ನೀನು ಪರೀಕ್ಸೆ ಬರ್ಕೊ.”

ರಿಸೀವರ್ ಇಟ್ಟ ಮೇಲೆ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಹುಳು ಕಾಯುವುದಿಲ್ಲ ಎಂದು ಸಾಕಮ್ಮನೇ ಅವರನ್ನು ಎಬ್ಬಿಸಿಕೊಂಡು ಹೋದರು.

ನಾನೂ ಹಿಂದೆಯೇ ಹೋದೆ. ಸಂಜೆಯೊಳಗೆ ಹುಳುವೆಲ್ಲ ಚಂದ್ರಿಕೆ ಸೇರಿತು. ಕಿಟಕಿ ಪಕ್ಕದ ಒಂದು ತಟ್ಟೆಯನ್ನು ಮಾತ್ರ ಗೌಡರು ಯಾರಿಗೂ ಮುಟ್ಟಗೊಡದೆ ತಾವೇ ಆರಿಸಿದರು. ಜಯ ಕೂರುತ್ತಿದ್ದುದು ಅಲ್ಲಿಯಂತೆ.

ಆಮೇಲಿನ ಸರ್ವಿಸಿನಲ್ಲಿ ಯಾರಾದರೂ ಆಳಿಲ್ಲ ಎಂದು ಬಂದರೆ, ಬೈಯುವ ಮೊದಲು ಮನೆಯಿಂದ ಈಚೆಗೆ ಯಾರು ದೂರ ಹೋಗಿದ್ದಾರೆ ಎಂದು ಕೇಳುತ್ತಿದ್ದೆ.